ಒಂಬತ್ತನೆಯ ಹೆಸರಿನ ದೀರ್ಘ

ಪಾರ್ಶ್ವವಾಯು ಬಡಿದ ಮೇಲೆ ಲಾಕ್ಲನ್ ಮ್ಯಾಕ್‌ತಾರ್ವಿಗೆ ಮಾತೆಲ್ಲ ಹೋಗಿ ಹದಿನೇಳು ಹೆಸರು ಮಾತ್ರ ಉಳಿದವು. ನೀರು ಬೇಕು ಎನ್ನಲು ಬರುತ್ತಿರಲಿಲ್ಲ. ಒಲೆಯ ಮುಂದೆ ಬಿದ್ದುಕೊಂಡಿರುವ ತನ್ನ ನಾಯಿಯನ್ನು ಕರೆಯಲು ಬರುತ್ತಿರಲಿಲ್ಲ. ಹುಟ್ಟಿದಾಗಿನಿಂದ ಒಂದೇ ಸೂರಿನಡಿ ಬದುಕಿದ ತಂಗಿ ಮಾರ್ಸಲಿಯ ಹೆಸರು ಕೂಡ ಬಾಯಿಗೆ ಬರುತ್ತಿರಲಿಲ್ಲ. ಆದರೆ ಯಾರಾದರೂ ‘ಲಾಕ್ಲನ್’ ಎಂದು ಶುರು ಮಾಡಿಕೊಟ್ಟರೆ ಸಾಕು, ಅವನಪ್ಪ ಅಲಸ್ಟರ್, ಅವನಪ್ಪ ಯೂವನ್, ಅವನಪ್ಪ ರೋರಿ ಎಂದು ಒಂದೇ ಉಸಿರಿಗೆ ಏರುತ್ತ ಹೋಗಿ, ಡುನಾರ್ವಾ ಕೋಟೆಯ ಗೋಪುರ ಕಟ್ಟಿಸಿದ ಸೋರ್ಲಿಯನ್ನು ಮುಟ್ಟಿಯೇ ನಿಲ್ಲುತ್ತಿದ್ದ. ನಡುವೆ ನಿಲ್ಲಿಸುವುದು ಅವನ ಕೈಯಲ್ಲಿರಲಿಲ್ಲ.

ಆ ಹೆಸರುಗಳಲ್ಲೇ ಅವನ ದಿನ ಕಳೆಯುತ್ತಿತ್ತು. ಹಸಿವಾದರೆ ಮೆಲ್ಲಗೆ ಹೇಳುತ್ತಿದ್ದ, ಸಿಟ್ಟು ಬಂದರೆ ಅವೇ ಹೆಸರುಗಳನ್ನು ಗುಡುಗುತ್ತಿದ್ದ. ನಾಯಿ ಪಾಪ, ತಿಂಗಳೊಳಗೆ ‘ರೋರಿ’ ಎಂದರೆ ತನ್ನನ್ನೇ ಕರೆದದ್ದು ಎಂದುಕೊಂಡು ಬಾಲ ಆಡಿಸತೊಡಗಿತು.

“ಅವ್ರಿಗೆ ಬರೋದನ್ನೇ ದಿನಾ ಹೇಳಿಸಿ. ಆ ದಾರಿ ಹಿಡ್ಕೊಂಡು ಬೇರೆ ಮಾತೂ ಬರಬಹುದು,” ಎಂದಿದ್ದಳು ವಾರಕ್ಕೊಮ್ಮೆ ಬರುವ ನರ್ಸ್. ಹಾಗಾಗಿ ಮಾರ್ಸಲಿ ಪ್ರತಿ ಬೆಳಿಗ್ಗೆ ಅಣ್ಣನಿಗೆ ಗಂಜಿ ಕುಡಿಸಿ, ಬಾಯಿ ಒರೆಸಿ, ಎದುರು ಕುರ್ಚಿ ಎಳೆದುಕೊಂಡು ಕೂರುತ್ತಿದ್ದಳು. ಅರವತ್ತು ವರ್ಷದ ಹೆಂಗಸು ಅರವತ್ನಾಲ್ಕರ ಗಂಡಸಿಗೆ ಮಗ್ಗಿ ಒಪ್ಪಿಸಿಕೊಳ್ಳುವ ಹಾಗೆ ಅವನ ಹೆಸರುಗಳನ್ನು ಒಪ್ಪಿಸಿಕೊಳ್ಳುತ್ತಿದ್ದಳು.

ಹದಿನಾರು ಹೆಸರು ಸರಿಯಾಗಿಯೇ ಬರುತ್ತಿದ್ದವು. ಒಂಬತ್ತನೆಯದು ಮಾತ್ರ ತಪ್ಪುತ್ತಿತ್ತು. ಅದು ಫರ್ಕರ್ ಮೀನ್. ಮೀನ್ ಎಂದರೆ ಅವರ ಭಾಷೆಯಲ್ಲಿ ಮೃದು ಸ್ವಭಾವದವನು, ಯಾರ ಮನಸ್ಸನ್ನೂ ನೋಯಿಸದವನು. ಆದರೆ ದೀರ್ಘ ತೆಗೆದು ಮಿನ್ ಎಂದರೆ ಹಿಟ್ಟು, ಓಟ್ಸ್ ಹಿಟ್ಟು. ಲಾಕ್ಲನ್‌ನ ಬಾಯಲ್ಲಿ ಪ್ರತಿ ಸಲವೂ ಹಿಟ್ಟೇ ಬರುತ್ತಿತ್ತು.

“ಮೀನ್ ಕಣೋ, ಮೀನ್! ಎಳೆದು ಹೇಳು. ಅಷ್ಟು ಒಳ್ಳೇ ಅಜ್ಜನ್ನ ಹಿಟ್ಟು ಮಾಡಿ ಗಂಜಿಗೆ ಸುರೀತಿದ್ದೀಯಲ್ಲ ಮಾರಾಯ!” ಎಂದು ಅವಳು ನಗುತ್ತಿದ್ದಳು.

ಲಾಕ್ಲನ್ ನಗುತ್ತಿರಲಿಲ್ಲ. ತಲೆ ಅಡ್ಡಡ್ಡ ಆಡಿಸುತ್ತಿದ್ದ, ಕಣ್ಣಲ್ಲಿ ನೀರು ತುಂಬಿಕೊಳ್ಳುತ್ತಿತ್ತು. ನಾಲಿಗೆ ತಿರುಗದ ಸಂಕಟ ಎಂದುಕೊಂಡು ಅವಳು ಮತ್ತೆ ಮೊದಲಿಂದ ಹೇಳಿಸುತ್ತಿದ್ದಳು.

ಆ ಕಣಿವೆಯಲ್ಲಿ ಯಾರನ್ನು ಕೇಳಿದರೂ ಮ್ಯಾಕ್‌ತಾರ್ವಿಗಳೇ. ಆದರೆ ಅದರಲ್ಲಿ ಎರಡು ಬಗೆ. ಕೋಟೆಯ ಒಡೆಯನ ರಕ್ತದಲ್ಲೇ ಹುಟ್ಟಿದವರು ಕೋಟೆಯವರು. ಹಿಂದೆ ಏಳು ವರ್ಷ ಬೆಳೆ ಕೈಕೊಟ್ಟು ಜನ ಹುಲ್ಲು ಬೇಯಿಸಿ ತಿಂದ ಕಾಲದಲ್ಲಿ ಎಲ್ಲೆಲ್ಲಿಂದಲೋ ಬಂದು, ಕೋಟೆ ಬಾಗಿಲಲ್ಲಿ ಒಂದು ಮೂಟೆ ಹಿಟ್ಟು ಪಡೆದು, ಅದಕ್ಕೆ ಬದಲಾಗಿ ಒಡೆಯನ ಹೆಸರನ್ನೇ ತಮ್ಮ ಹೆಸರಾಗಿ ಇಟ್ಟುಕೊಂಡು ಅವನ ಜನವಾದವರು ಮೂಟೆಯವರು. ಹೊರಗಿನವರಿಗೆ ಈ ವ್ಯತ್ಯಾಸ ಕಾಣುವುದಿಲ್ಲ. ಇಬ್ಬರ ಮನೆಯಲ್ಲೂ ಅದೇ ಆಲೂಗಡ್ಡೆ, ಅದೇ ಉಪ್ಪುಹಾಕಿದ ಮೀನು, ಜೌಗು ನೆಲದಿಂದ ಕಡಿದು ಒಣಗಿಸಿದ ಅವೇ ಮಣ್ಣಿನ ಹೆಂಟೆಗಳ ಉರಿ. ಸತ್ತ ಮೇಲೆ ಮಾತ್ರ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಕೋಟೆಯವರು ಗೋಡೆಯ ಒಳಗೆ, ಮುರುಕು ಪ್ರಾರ್ಥನಾಮಂದಿರದ ಸುತ್ತ ಮಲಗುತ್ತಾರೆ. ಮೂಟೆಯವರು ಗೋಡೆಯ ಹೊರಗೆ, ಸಮುದ್ರದ ಕಡೆಯ ಮರಳಿನಲ್ಲಿ. ಬದುಕಿದ್ದಾಗ ಒಬ್ಬರ ದೋಣಿಯನ್ನು ಒಬ್ಬರು ತಳ್ಳಿಕೊಟ್ಟ ಜನ ಸತ್ತಮೇಲೆ ನಡುವೆ ಗೋಡೆ ಇಟ್ಟುಕೊಂಡಿದ್ದರು. ಇದರಲ್ಲಿ ನಾಚಿಕೆಪಡುವಂಥದ್ದು ಏನಾದರೂ ಇದೆ ಎಂದು ಅಲ್ಲಿ ಯಾರಿಗೂ ಅನ್ನಿಸಿರಲಿಲ್ಲ.

ಬೇಸಿಗೆಯಲ್ಲಿ ಕೋಟೆ ನೋಡಲು ಬರುವವರಿಗೆ ಬೀಗ ತೆಗೆದು ತೋರಿಸುವ ಕೆಲಸ ಮಾರ್ಸಲಿಯದು. ಇಪ್ಪತ್ತು ವರ್ಷದಿಂದ ಬೀಗದ ಕೈ ಅವಳ ಸೊಂಟದಲ್ಲೇ ಇತ್ತು. ಗೋಪುರದ ಕಿರಿದಾದ ಮೆಟ್ಟಿಲು, ನೆಲಮಾಳಿಗೆಯ ಸೆರೆ, ಶತ್ರುಗಳ ತಲೆಯ ಮೇಲೆ ಕಲ್ಲು ಉರುಳಿಸುತ್ತಿದ್ದ ಕಿಂಡಿ ಎಲ್ಲ ತೋರಿಸಿ, ಕೊನೆಗೆ ಒಳಗಿನ ಸ್ಮಶಾನಕ್ಕೆ ಕರೆತಂದು ಅಕ್ಷರವೆಲ್ಲ ಅಳಿಸಿಹೋದ ಒಂದು ಸವೆದ ಕಲ್ಲಿನ ಮುಂದೆ ನಿಲ್ಲಿಸುತ್ತಿದ್ದಳು. “ಇವನು ಫರ್ಕರ್ ಮೀನ್, ಮೃದು ಮಾತಿನ ಫರ್ಕರ್. ನಮ್ಮ ಅಜ್ಜನ ಅಜ್ಜನ ಅಜ್ಜನಿಗೂ ಅಜ್ಜ. ಎರಡು ಕುಲಗಳ ಜಗಳವನ್ನ ಕತ್ತಿ ಹಿರಿಯದೆ ಬರೀ ಮಾತಲ್ಲೇ ನಿಲ್ಲಿಸಿದವನು.” ಬಂದವರು ತಲೆದೂಗುತ್ತಿದ್ದರು, ಫೋಟೋ ಹಿಡಿಯುತ್ತಿದ್ದರು. ಆ ಕಥೆಯನ್ನು ಅವಳಿಗೆ ಹೇಳಿದವನು ಅಪ್ಪ.

ಹೆಸರುಗಳ ಸಾಲು ಮಾತ್ರ ಅಪ್ಪನಿಂದ ಮಗನಿಗೆ ಹೋಗುವಂಥದ್ದು. ಮಗಳಾದವಳು ಬಾಗಿಲ ಮರೆಯಿಂದ ಕೇಳಿ ಕಲಿಯಬೇಕು. ಮಾರ್ಸಲಿ ಕಲಿತದ್ದೂ ಹಾಗೆಯೇ. ಅಪ್ಪ ಲಾಕ್ಲನ್ ಒಬ್ಬನನ್ನೇ ಹೆಂಟೆ ಕಡಿಯುವ ಜಾಗಕ್ಕೆ ಕರೆದೊಯ್ದು ಹೇಳಿಕೊಟ್ಟದ್ದು ಮಾತ್ರ ಅವಳ ಕಿವಿಗೆ ಬಿದ್ದಿರಲಿಲ್ಲ.

ಅವಳಿಗೆ ಮದುವೆ ಆಗಿರಲಿಲ್ಲ. ಆಗಬೇಕಿತ್ತು. ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಅವಳು ಟೊರ್ಮೊಡ್ ಎಂಬ ಹುಡುಗನನ್ನು ಮೆಚ್ಚಿದ್ದಳು. ಅವನು ಮೂಟೆಯವರವನು, ಇವರು ಕೋಟೆಯವರು. ಅಪ್ಪ ಗೊಣಗಿಕೊಂಡು ಹೂಂ ಅಂದಿದ್ದ. ಹೆಣ್ಣು ಕೇಳುವ ಶಾಸ್ತ್ರದ ದಿನವೂ ಗೊತ್ತಾಗಿ, ಮನೆ ತುಂಬ ಜನ ಸೇರಿದ್ದರು. ಆ ಶಾಸ್ತ್ರದಲ್ಲಿ ಹೆಣ್ಣು ಬೇಕು ಅಂತ ನೇರವಾಗಿ ಕೇಳುವುದಿಲ್ಲ. ಗಂಡಿನ ಕಡೆಯವನು, “ನಮ್ಮದೊಂದು ಕುರಿಮರಿ ತಪ್ಪಿಸಿಕೊಂಡಿದೆ, ನಿಮ್ಮ ಮಂದೆಗೆ ಬಂದಿದೆಯೋ?” ಎನ್ನುತ್ತಾನೆ. ಹೆಣ್ಣಿನ ಕಡೆಯವನು ಮೊದಲು ಯಾವುದೋ ಮುದುಕಿಯನ್ನು ಕರೆತಂದು, “ಇದೋ?” ಎನ್ನುತ್ತಾನೆ. ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ. ಮೂರನೆಯ ಸಲ ನಿಜವಾದ ಹುಡುಗಿ ಬರುತ್ತಾಳೆ.

ಅಪ್ಪನಿಗೆ ಎದೆನೋವು ಇದ್ದದ್ದರಿಂದ ಆ ದಿನ ಹೆಣ್ಣಿನ ಕಡೆ ಮಾತಿಗೆ ನಿಂತವನು ಲಾಕ್ಲನ್. ಹಲ್ಲಿಲ್ಲದ ಸೋದರತ್ತೆಯನ್ನು ತೋರಿಸಿದ. ನಗು. ಪಕ್ಕದ ಮನೆಯ ಎಂಟು ವರ್ಷದವಳನ್ನು ತೋರಿಸಿದ. ಮತ್ತೂ ನಗು. ಒಳಕೋಣೆಯಲ್ಲಿ ಮಾರ್ಸಲಿ ಲಂಗ ಸರಿಮಾಡಿಕೊಂಡು ಕರೆಗಾಗಿ ಕಾದಿದ್ದಳು. ಆಗ ಲಾಕ್ಲನ್ ಹೇಳಿದ:

“ಇನ್ನೊಂದು ಮರಿ ಇದೆ. ಆದ್ರೆ ಅದು ಕೋಟೆ ಮಂದೇದು. ಹಿಟ್ಟಿನ ಮೂಟೆಗೆ ಕೊಡೋದಲ್ಲ.”

ನಗುತ್ತಿದ್ದ ಬಾಯಿಗಳು ಆ ರಭಸಕ್ಕೆ ಇನ್ನೊಂದಿಷ್ಟು ನಕ್ಕೇ ನಿಂತವು. ಟೊರ್ಮೊಡ್ ಕೈಯಲ್ಲಿದ್ದ ಲೋಟವನ್ನು ಮೇಜಿನ ಮೇಲಿಟ್ಟ. ಒಳಕೋಣೆಯ ಕಡೆ ಒಮ್ಮೆ ನೋಡಿದ. ಎದ್ದು ಹೋದ. ಮಾರ್ಸಲಿ ಮಂಡಿಯ ಮೇಲಿದ್ದ ತನ್ನ ಕೈಗಳನ್ನೇ ನೋಡುತ್ತ ಕೂತಿದ್ದಳು.

ನಾಲ್ಕು ತಿಂಗಳಲ್ಲಿ ಟೊರ್ಮೊಡ್ ಕುರಿ ಕಾಯುವ ಕೆಲಸಕ್ಕೆ ಹಡಗು ಹತ್ತಿ ಪ್ಯಾಟಗೋನಿಯಾಕ್ಕೆ ಹೋದ. ಐದು ಚಳಿಗಾಲ ಕಳೆದ ಮೇಲೆ ಅವನ ತಾಯಿಗೆ ಒಂದು ಕಾಗದ ಬಂತು. ಜ್ವರ ಬಂದಿತ್ತಂತೆ. ಅಲ್ಲೇ ಮಣ್ಣು ಮಾಡಿದರಂತೆ. ತಾಯಿ ಗೋಡೆಯ ಹೊರಗಿನ ಮರಳಿನಲ್ಲಿ ಮಗನ ಹೆಸರಿನ ಒಂದು ಕಲ್ಲು ನಿಲ್ಲಿಸಿದಳು. ಅವನ ತಂಗಿ ಬೇಹಗ್ ಈಗ ಊರಿನ ಅಂಚೆ ಕಚೇರಿ ನೋಡಿಕೊಳ್ಳುತ್ತಿದ್ದಳು. ಮಾರ್ಸಲಿ ಸ್ಟ್ಯಾಂಪ್ ಕೇಳುತ್ತಿದ್ದಳು, ಬೇಹಗ್ ಕೊಡುತ್ತಿದ್ದಳು. “ಗಾಳಿ ಜೋರು ಇವತ್ತು.” “ಹೂಂ, ಜೋರು.” ಮೂವತ್ತೊಂಬತ್ತು ವರ್ಷದಲ್ಲಿ ಇಬ್ಬರ ನಡುವೆ ಇಷ್ಟೇ ಮಾತು.

ಅಣ್ಣ ತಂಗಿ ಆ ದಿನದ ಬಗ್ಗೆ ಮಾತೇ ಎತ್ತಲಿಲ್ಲ. ಲಾಕ್ಲನ್ ಕೂಡ ಮದುವೆಯಾಗಲಿಲ್ಲ. ಒಬ್ಬರ ಬಟ್ಟೆ ಒಬ್ಬರು ಒಣಹಾಕುತ್ತ, ಒಂದೇ ಕೆಟಲ್‌ನ ಚಹಾ ಕುಡಿಯುತ್ತ ಮುದುಕರಾದರು. ಆದರೆ ಮಾರ್ಸಲಿ ಒಳಗೊಳಗೇ ಕಾಯುತ್ತಿದ್ದಳು. ತಪ್ಪಾಯಿತು ಎನ್ನುವುದೂ ಬೇಡ, ಒಂದೇ ಒಂದು ಸಲ ಟೊರ್ಮೊಡ್‌ನ ಹೆಸರನ್ನು ಅವನಾಗಿ ಬಾಯಿಬಿಟ್ಟು ಹೇಳಿದರೆ ಸಾಕಿತ್ತು ಅವಳಿಗೆ. ಮಾತು ಹೋದ ದಿನ ಅವಳು ಅತ್ತದ್ದು ಅಣ್ಣನಿಗಾಗಿ ಮಾತ್ರವಲ್ಲ. ದಿನ ಬೆಳಗಾದರೆ ಅಷ್ಟು ಹಟ ಹಿಡಿದು ಪಾಠ ಹೇಳಿಸುತ್ತಿದ್ದದ್ದೂ ಅದಕ್ಕೇ.

ಸೆಪ್ಟೆಂಬರಿನ ಒಂದು ಮಧ್ಯಾಹ್ನ ಗಿಲ್ಯಾಂಡರ್ಸ್ ಮೇಷ್ಟ್ರು ಕೋಟೆಗೆ ಬಂದರು. ನಿವೃತ್ತಿಯಾದ ಮೇಲೆ ಒಡೆಯರ ಮನೆಯ ಹಳೆ ಪೆಟ್ಟಿಗೆಯ ಕಾಗದಗಳನ್ನು ಓದುವುದೇ ಅವರ ಕಸುಬು. ಆ ಕಾಲದ ಗೀಚುಬರಹವನ್ನು ಓದಬಲ್ಲವರು ಸುತ್ತಲಿನ ಊರುಗಳಲ್ಲಿ ಅವರೊಬ್ಬರೇ. ಎಂದಿನಂತೆ ತಮಾಷೆ ಮಾಡಲಿಲ್ಲ. ಟೋಪಿ ತೆಗೆದು ಗೋಡೆಯ ಮೇಲಿಟ್ಟರು.

“ಮಾರ್ಸಲಿ, ಒಂದು ಒಪ್ಪಂದದ ಪತ್ರ ಸಿಕ್ಕಿದೆ. ಮೂಟೆಯವರು ಹೆಸರು ತಗೊಂಡಾಗ ಬರೆಸಿದ್ದು.”

“ಸಿಗಲಿ ಬಿಡಿ. ಬೇಹಗ್‌ಗೆ ತೋರಿಸಿ, ಅವಳ ಮನೆಯವರದ್ದಿರಬಹುದು.”

“ಅವಳದ್ದೂ ಹೌದು.” ಮೇಷ್ಟ್ರು ಕನ್ನಡಕ ಒರೆಸಿದರು. ಮತ್ತೆ ಒರೆಸಿದರು. “ಓದ್ಲಾ? ಅಥವಾ ನಾನು ಇದನ್ನ ನೋಡೇ ಇಲ್ಲ ಅಂದ್ಕೊಂಡು ಪೆಟ್ಟಿಗೆಗೆ ವಾಪಸ್ ಹಾಕ್ಲಾ?”

“ನೋಡಿ ಆಯ್ತಲ್ಲ ನೀವು. ಓದಿ.”

ಅವರು ಓದಿದರು. ಒಂದೇ ತಾಯಿಯ ಮಕ್ಕಳಾದ ಫರ್ಕರ್ ಮತ್ತು ಟೊರ್ಮೊಡ್ ನೀರು ದಾಟಿ ಬಡಗು ಕಡೆಯಿಂದ ಬಂದರು. ಇಲ್ಲಿ ಯಾರಿಗೂ ಗೊತ್ತಿಲ್ಲದ ಹೆಸರು ಅವರದು. ಇಬ್ಬರಿಗೂ ಸೇರಿ ಒಂದು ಮೂಟೆ ಓಟ್ಸ್ ಹಿಟ್ಟು ಕೊಡಲಾಯಿತು. ಇಂದಿನಿಂದ ಅವರೂ ಅವರ ಮಕ್ಕಳೂ ಮ್ಯಾಕ್‌ತಾರ್ವಿಗಳು. ಫರ್ಕರ್‌ನ ಮಗ ರೋರಿ, ಎರಡು ವರ್ಷದವನು, ಜೊತೆಗಿದ್ದಾನೆ. ಕೆಳಗೆ ಬರೆಯಲು ಬಾರದ ಇಬ್ಬರು ಹಾಕಿದ ಎರಡು ವಕ್ರ ಗೀಟುಗಳು. ಪಕ್ಕದಲ್ಲಿ ಬೇರೆ ಶಾಯಿಯಲ್ಲಿ ಯಾರೋ ಬರೆದಿದ್ದರು, ಇವನನ್ನು ಜನ ಫರ್ಕರ್ ಮಿನ್ ಎನ್ನುತ್ತಾರೆ.

“ಹಿಟ್ಟಿನ ಫರ್ಕರ್,” ಎಂದರು ಮೇಷ್ಟ್ರು ಮೆಲ್ಲಗೆ. “ನಿಮ್ಮ ಸಾಲಿನಲ್ಲಿ ಎಂಟನೆಯವನು ಆ ರೋರಿ, ಒಂಬತ್ತನೆಯವನು ಇವನು. ಅದರಾಚೆ ಇರೋ ಎಂಟು ಹೆಸರು ಒಡೆಯರ ಮನೇದು. ಆಮೇಲೆ ಯಾರೋ ಹೊಲಿಗೆ ಹಾಕಿದ್ದಾರೆ. ಇವನ ತಮ್ಮ ಟೊರ್ಮೊಡ್‌ನ ಮಕ್ಕಳಿಗೆ, ಅಂದ್ರೆ ಬೇಹಗ್ ಮನೆಯವರಿಗೆ, ಹಾಗೆ ಹೊಲಿಯೋಕೆ ತೋಚಲಿಲ್ಲವೋ ಏನೋ.”

ಮಾರ್ಸಲಿಯ ತಲೆಯಲ್ಲಿ ಇದ್ದದ್ದು ಆ ಕಾಗದವಲ್ಲ, ಬೆಳಗಿನ ಪಾಠ. ಮೇಷ್ಟ್ರನ್ನು ಅಲ್ಲೇ ಬಿಟ್ಟು, ಕೋಟೆಗೆ ಬೀಗ ಹಾಕುವುದನ್ನೂ ಮರೆತು, ಮನೆಯತ್ತ ನಡೆದಳು. ಓಡಿದಳು ಎಂದರೂ ತಪ್ಪಿಲ್ಲ.

ಲಾಕ್ಲನ್ ಕಿಟಕಿಯ ಹತ್ತಿರ ಕೂತಿದ್ದ. ಅವಳು ಕೋಟು ಕೂಡ ತೆಗೆಯದೆ ಅವನ ಮುಂದೆ ನಿಂತಳು.

“ಫರ್ಕರ್ ಮಿನ್,” ಎಂದಳು. ದೀರ್ಘ ಹಾಕಲಿಲ್ಲ.

ಅವನು ತಲೆಯೆತ್ತಿ ನೋಡಿದ. ಅವನ ಮುಖ ಮಗುವಿನ ಮುಖದಂತೆ ಸಡಿಲವಾಯಿತು.

“ನಿನ್ನ ನಾಲಿಗೆ ತಪ್ಪಿರಲಿಲ್ಲ. ನಿನಗೆ ಕಲಿಸಿದ್ದೇ ಹಾಗೆ, ಅಲ್ವಾ? ಅಪ್ಪ ನಿನ್ನನ್ನ ಹೆಂಟೆ ಕಡಿಯೋ ಜಾಗಕ್ಕೆ ಕರ್ಕೊಂಡು ಹೋಗಿ ಕಲಿಸಿದ್ದು. ಮನೇಲಿ ಎಲ್ಲರ ಮುಂದೆ ಎಳೆದು ಹೇಳು ಅಂದಿದ್ದು.”

ಲಾಕ್ಲನ್ ಹೌದೆಂದು ತಲೆಯಾಡಿಸಿದ.

“ಯಾವಾಗ ಕಲಿಸಿದ್ದು? ನನ್ನನ್ನ ಕೇಳೋಕೆ ಬಂದ ದಿನ ನಿನಗೆ ಗೊತ್ತಿತ್ತಾ?”

ಅವನು ಕಿಟಕಿಯತ್ತ ಮುಖ ತಿರುಗಿಸಿದ. ಆಮೇಲೆ ಅದಕ್ಕೂ ಹೌದೆಂದು ತಲೆಯಾಡಿಸಿದ.

ಇಪ್ಪತ್ತೈದು ವರ್ಷ ಮೂಟೆಯವರನ್ನು ಆಡಿಕೊಂಡು ಬೆಳೆದ ಗಂಡಸು, ತಾನೂ ಮೂಟೆಯವನೇ ಎಂದು ಅಪ್ಪನ ಬಾಯಿಂದ ಕೇಳಿದ ಮೇಲೆ ಹೆದರಿಹೋಗಿದ್ದ. ಟೊರ್ಮೊಡ್ ಅಳಿಯನಾಗಿ ಬಂದರೆ ಎರಡು ಮನೆಯ ಮುದುಕರು ಒಂದೇ ಒಲೆಯ ಮುಂದೆ ಕೂತು ಹಳೆ ಹೆಸರುಗಳನ್ನು ಜೋಡಿಸುತ್ತಾರೆ, ಗುಟ್ಟು ಬಯಲಾಗುತ್ತದೆ ಎಂದು ಹೆದರಿದ್ದ. ಹೆದರಿಕೆಗೆ ಆ ದಿನ ಅಷ್ಟು ದೊಡ್ಡ ಬಾಯಿ ಬಂದಿತ್ತು. ಇಷ್ಟನ್ನೂ ಮಾರ್ಸಲಿ ಅವನ ಕಣ್ಣಲ್ಲೇ ಓದಿಕೊಂಡಳು. ಓದಿಕೊಂಡದ್ದರಿಂದ ಸಂಕಟವೇನೂ ಕಡಿಮೆಯಾಗಲಿಲ್ಲ.

“ಅವನ ಹೆಸರು ಹೇಳು,” ಎಂದಳು. “ಒಂದು ಸಲ ಹೇಳು ಲಾಕ್ಲನ್. ಟೊರ್ಮೊಡ್. ಹೇಳು.”

ಅವನು ಬಾಯಿ ತೆರೆದ. ಕತ್ತಿನ ನರಗಳು ಉಬ್ಬಿದವು. “ಟ... ಟ...” ಎಂದ. ಅಲ್ಲಿಂದ ನಾಲಿಗೆ ಜಾರಿತು. “ಲಾಕ್ಲನ್, ಅವನಪ್ಪ ಅಲಸ್ಟರ್, ಅವನಪ್ಪ ಯೂವನ್, ಅವನಪ್ಪ ರೋರಿ...” ಟೊರ್ಮೊಡ್ ಎಂಬ ಹೆಸರು ಆ ಹದಿನೇಳರಲ್ಲಿ ಎಲ್ಲೂ ಇರಲಿಲ್ಲ. ಇದ್ದಿದ್ದರೆ ಬರುತ್ತಿತ್ತು. ಮೆಟ್ಟಿಲು ಮೆಟ್ಟಿಲಾಗಿ ಅವನು ಸೋರ್ಲಿಯ ತನಕ ಏರುವಷ್ಟು ಹೊತ್ತೂ ಕಣ್ಣಿಂದ ನೀರು ಇಳಿಯುತ್ತಿತ್ತು. ಮಾರ್ಸಲಿ ಎರಡೂ ಕಿವಿ ಮುಚ್ಚಿಕೊಂಡಳು.

ಮಾರನೆಯ ದಿನದಿಂದ ಅವಳು ಪಾಠ ನಿಲ್ಲಿಸಿದಳು. ಗಂಜಿ ಕುಡಿಸುತ್ತಿದ್ದಳು, ಬಟ್ಟೆ ಬದಲಿಸುತ್ತಿದ್ದಳು, ಬಾಯಿ ಮಾತ್ರ ತೆರೆಯುತ್ತಿರಲಿಲ್ಲ. ಹನ್ನೊಂದು ದಿನ ಹೀಗೇ ಹೋಯಿತು. ಹನ್ನೆರಡನೆಯ ಬೆಳಿಗ್ಗೆ ಅವಳು ಒಲೆಯ ಕಡೆ ಮುಖ ಮಾಡಿ ಗಂಜಿ ತಿರುವುತ್ತಿದ್ದಾಗ ಬೆನ್ನ ಹಿಂದೆ ಲಾಕ್ಲನ್ ತಾನಾಗಿಯೇ ಶುರು ಮಾಡಿದ. ಯಾರೂ ಎತ್ತಿಕೊಡಲಿಲ್ಲ. ಲಾಕ್ಲನ್, ಅಲಸ್ಟರ್, ಯೂವನ್, ಒಂದೊಂದಾಗಿ ಎಡವಿಕೊಂಡು ಬಂದವು. ಫರ್ಕರ್ ಮಿನ್ ಬಂತು. ಅಲ್ಲಿಗೆ ನಿಂತ.

ನಡುವೆ ನಿಲ್ಲಿಸಲಾರದ ಮನುಷ್ಯ ನಿಂತಿದ್ದ. ಅವಳಿಗೆ ಉಸಿರಾಟ ಮಾತ್ರ ಕೇಳಿಸುತ್ತಿತ್ತು, ಭಾರ ಎತ್ತುವವನ ಉಸಿರಾಟ. “ಟ...” ಎಂದಿತು ಅದು. “ಟೊ...” ಎಂದಿತು. ಅಣ್ಣ ಏನು ಮಾಡುತ್ತಿದ್ದಾನೆಂದು ಮಾರ್ಸಲಿಗೆ ಚೆನ್ನಾಗಿಯೇ ತಿಳಿದಿತ್ತು. ತಿರುಗಿ ಅವನ ಕೈ ಹಿಡಿದಿದ್ದರೆ ಬರುತ್ತಿತ್ತೋ ಏನೋ. ಅವಳು ತಿರುಗಲಿಲ್ಲ. ಗಂಜಿ ತಿರುವುತ್ತಲೇ ಇದ್ದಳು. ಸ್ವಲ್ಪ ಹೊತ್ತಿಗೆ ಆ ಉಸಿರು ಸೋತು, ಉಳಿದ ಎಂಟು ಹೆಸರುಗಳ ಮೆಟ್ಟಿಲು ಹತ್ತಿಕೊಂಡು ಹೋಯಿತು.

ಅದೇ ವಾರ ಗುರುವಾರ ಮಧ್ಯಾಹ್ನ ಲಾಕ್ಲನ್‌ಗೆ ಎರಡನೆಯ ಸಲ ಬಡಿಯಿತು. ಸಂಜೆಯೊಳಗೆ ಹೋಗಿಬಿಟ್ಟ.

ಹೆಂಗಸರು ಮಣ್ಣಿಗೆ ಬರುವ ಪದ್ಧತಿ ಆ ಊರಲ್ಲಿ ಇಲ್ಲ. ಮಾರ್ಸಲಿ ಬಂದಳು. ಆಡುವವರು ಆಡಿಕೊಳ್ಳಲಿ ಎಂದು ಗುಂಡಿಯ ಪಕ್ಕದಲ್ಲೇ ನಿಂತಳು. ಕೋಟೆಯವರಲ್ಲಿ ಗಂಡಸು ಸತ್ತರೆ ಹತ್ತಿರದ ಗಂಡಸೊಬ್ಬ ಅವನ ಸಾಲನ್ನು ಹೇಳಬೇಕು. ಹತ್ತಿರದ ಗಂಡಸು ಯಾರೂ ಉಳಿದಿರಲಿಲ್ಲ. ಪಾದ್ರಿ ಕೀರ್ತನೆ ಮುಗಿಸಿ ಅತ್ತಿತ್ತ ನೋಡಿದಾಗ ಅವಳು ಶುರು ಮಾಡಿದಳು. ಧ್ವನಿ ಎಲ್ಲರಿಗೂ ಕೇಳುವಂತಿತ್ತು. ಲಾಕ್ಲನ್, ಅವನಪ್ಪ ಅಲಸ್ಟರ್. ಒಂಬತ್ತನೆಯದಕ್ಕೆ ಬಂದಳು.

“ಅವನಪ್ಪ ಫರ್ಕರ್ ಮಿನ್,” ಎಂದಳು. “ಅವನ ತಮ್ಮ ಟೊರ್ಮೊಡ್. ಇಬ್ಬರಿಗೂ ಸೇರಿ ಒಂದು ಮೂಟೆ.”

ಉಳಿದ ಎಂಟು ಹೆಸರಿಗಾಗಿ ಜನ ಕಾದರು. ಅವು ಬರಲಿಲ್ಲ. ಯಾರೋ ಕೆಮ್ಮಿದರು. ಹಣೆಗಂಟು ಹಾಕಿದ ಮುದುಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಿಲ್ಯಾಂಡರ್ಸ್ ಮೇಷ್ಟ್ರು ತಲೆ ತಗ್ಗಿಸಿ ನಿಂತಿದ್ದರು. ಗೋಡೆ ಕುಸಿದ ಜಾಗದಲ್ಲಿ, ಒಳಗೂ ಅಲ್ಲದೆ ಹೊರಗೂ ಅಲ್ಲದೆ, ಕಪ್ಪು ಶಾಲು ಹೊದ್ದ ಬೇಹಗ್ ನಿಂತಿದ್ದಳು.

ಎಲ್ಲರೂ ಹೋದ ಮೇಲೆ ಮಾರ್ಸಲಿ ಆ ಕುಸಿದ ಗೋಡೆಯ ಕಲ್ಲಿನ ಮೇಲೆ ಕೂತಳು. ಬೇಹಗ್ ಹತ್ತಿರ ಬಂದಳು. ಈಗ ಇವಳು ನನ್ನನ್ನು ಅಪ್ಪಿಕೊಳ್ಳುತ್ತಾಳೆ ಎಂದು ಮಾರ್ಸಲಿಗೆ ಅನ್ನಿಸಿತ್ತು ಎಂದರೆ ಸುಳ್ಳಲ್ಲ. ಮೂವತ್ತೊಂಬತ್ತು ವರ್ಷ ಅಣ್ಣನ ಬಾಯಿಂದ ಬರಲಿ ಎಂದು ಕಾದದ್ದನ್ನು ಕೊನೆಗೆ ತಾನೇ ಹೇಳಿದ್ದಳು, ಊರೆಲ್ಲ ಕೇಳುವ ಹಾಗೆ.

“ಹೇಳಿದ್ದು ಒಳ್ಳೇದಾಯ್ತು,” ಎಂದಳು ಬೇಹಗ್. “ಅಮ್ಮ ಇದ್ದಿದ್ರೆ ಕೇಳಿಸ್ಕೋತಿದ್ಲು.”

“ಬೇಹಗ್, ನಮ್ಮಣ್ಣ ಅವತ್ತು ಆಡಿದ ಮಾತಿಗೆ...”

“ನಿಮ್ಮಣ್ಣನ ಮಾತು ಬಿಡು. ಟೊರ್ಮೊಡ್ ಅದನ್ನ ತಲೆಗೇ ಹಾಕ್ಕೊಳ್ಳಲಿಲ್ಲ. ಚಿಕ್ಕಂದಿನಿಂದ ಕೇಳಿ ಕೇಳಿ ಅಭ್ಯಾಸ ಆಗಿತ್ತಲ್ಲ ನಮಗೆ. ಲಾಕ್ಲನ್ ಬಾಯಿಗೆ ಬೀಗ ಇಲ್ಲ ಅಂತ ನಗ್ತಾ ಹೇಳಿದ.” ಅವಳು ಶಾಲನ್ನು ಎದೆಗೆ ಬಿಗಿದುಕೊಂಡಳು. “ನಿಮ್ಮನೆ ಕೆಳಗಿನ ಹಳ್ಳ ದಾಟೋ ಕಲ್ಲುಗಳ ಹತ್ರ ನಿಂತಿದ್ದನಂತೆ ಅವನು, ಕತ್ತಲಾಗೋವರೆಗೆ. ಮನೆಗೆ ಬಂದಾಗ ಕಾಲೆಲ್ಲ ಒದ್ದೆ. ಏನಾಯ್ತೋ ಅಂತ ಅಮ್ಮ ಕೇಳಿದ್ಲು. ‘ಅವಳು ಏಳಲಿಲ್ಲ ಅಮ್ಮ’ ಅಂದ. ಅಷ್ಟೇ. ಅದಾದ ಮೇಲೆ ಹಡಗು ಹತ್ತೋವರೆಗೂ ಆ ವಿಷಯ ಎತ್ತಲಿಲ್ಲ.”

ಮಾರ್ಸಲಿ ಮಂಡಿಯ ಮೇಲಿದ್ದ ತನ್ನ ಕೈಗಳನ್ನು ನೋಡಿದಳು. ಚರ್ಮ ಸುಕ್ಕಾಗಿತ್ತು, ಕೈಗಳು ಅವೇ. ಆ ದಿನ ಬಾಗಿಲಿಗೆ ನಾಲ್ಕು ಹೆಜ್ಜೆ ಇತ್ತು. ಹಳ್ಳಕ್ಕೆ ಹೆಚ್ಚೆಂದರೆ ಇನ್ನೂರು ಹೆಜ್ಜೆ. ಕಾಲು ಕಟ್ಟಿಹಾಕಿದವರು ಯಾರೂ ಇರಲಿಲ್ಲ. ತಾನೂ ಕೋಟೆಯ ಮಂದೆಯ ಮರಿ ಎಂದು ಅವಳ ಮನಸ್ಸಿನ ಯಾವುದೋ ಮೂಲೆ ಆ ಕ್ಷಣದಲ್ಲಿ ನಂಬಿತ್ತು. ಅಣ್ಣನ ನಾಲಿಗೆಯಿಂದ ಬರಲಿ ಎಂದು ಇಷ್ಟು ವರ್ಷ ಕಾದ ಆ ಹೆಸರನ್ನು ಆ ದಿನ ಅವಳೇ ಕೂಗಿ ಕರೆಯಬಹುದಿತ್ತು.

ಸಮುದ್ರದ ಕಡೆಯಿಂದ ಸಣ್ಣ ಹನಿ ಶುರುವಾಯಿತು. ಅಣ್ಣನ ಗುಂಡಿಯ ಹಸಿ ಮಣ್ಣು ಕಪ್ಪಾಗುತ್ತ ಬಂತು.

“ಏಳು,” ಎಂದಳು ಬೇಹಗ್. “ಮಳೆ ಬರ್ತಿದೆ.”

ಮಾರ್ಸಲಿಗೆ ತಕ್ಷಣ ಏಳಲು ಆಗಲಿಲ್ಲ. ಬೇಹಗ್ ಇನ್ನೊಮ್ಮೆ ಹೇಳಲೂ ಇಲ್ಲ, ಕೈ ಕೊಡಲೂ ಇಲ್ಲ, ಹೊರಟು ಹೋಗಲೂ ಇಲ್ಲ. ಹನಿ ದಪ್ಪವಾಗುವ ಹೊತ್ತಿಗೆ ಮಾರ್ಸಲಿ ಕಲ್ಲಿನ ಮೇಲೆ ಕೈಯೂರಿ ಎದ್ದಳು. ಮರಳಿನ ಕಡೆಗೆ, ಯಾರನ್ನೂ ಹೂಳದ ಜಾಗದಲ್ಲಿ ಟೊರ್ಮೊಡ್‌ನ ಹೆಸರು ಕೆತ್ತಿಸಿ ನಿಲ್ಲಿಸಿದ್ದ ಕಲ್ಲಿನ ಕಡೆಗೆ ನಡೆದಳು. ಅಲ್ಲಿ ಯಾರೂ ಕಾಯುತ್ತಿರಲಿಲ್ಲ.